ಗಾಡಿಯ ತವರು ಹುಡುಕಿದವರು

ನಮ್ಮ ನೆರೆಮನೆಯ ಹಾಜಿಯವರು ಅತ್ತರು ಹಚ್ಚಿಕೊಂಡು ಬೆಳ್ಳಾರೆ ಪೇಟೆಗೆ ಹೊರಟರೆ ಎದುರು ಬಂದವರು ಮೂಗು ಮುಚ್ಚಿಕೊಂಡೇ ನಗುತ್ತಿದ್ದರು. ಕಿವಿಯ ಹಿಂದೆ, ಕುತ್ತಿಗೆಗೆ, ಬಿಳಿ ಗಡ್ಡಕ್ಕೆ, ಎಲ್ಲ ಕಡೆಯೂ ಧಾರಾಳ. ಎಷ್ಟು ಹೆಚ್ಚಾಯಿತೆಂದು ಅವರಿಗೆ ತಿಳಿಯುವ ಹಾಗಿರಲಿಲ್ಲ. ಗಲ್ಫಿನ ಗ್ಯಾರೇಜುಗಳಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಮರಳುವ ಹೊತ್ತಿಗೆ ಅವರ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟಿತ್ತು.

ಕೆಲಸ ಬಿಟ್ಟರೂ ಗಾಡಿಯ ಹುಚ್ಚು ಬಿಟ್ಟಿರಲಿಲ್ಲ. ಗೇಟಿನೆದುರು ಅಪರಿಚಿತ ಕಾರೊಂದು ನಿಂತರೆ ಸಾಕು, ಬಂದು ಮಾತಾಡಿಸುತ್ತಿದ್ದರು. "ಗಾಡಿಗೂ ತವರು ಅಂತ ಉಂಟು. ಅದು ಗೊತ್ತಿಲ್ಲದೆ ಮದ್ದು ಮಾಡುದು ಹೇಗೆ?" ಎನ್ನುವುದು ಅವರ ಮಾತು. ಅದರ ಅರ್ಥವನ್ನೂ ಅವರೇ ಬಿಡಿಸಿ ಹೇಳಿದ್ದರು. ಒಂದು ಕಾಲದಲ್ಲಿ ದೆಹಲಿಯಂಥ ದೊಡ್ಡ ನಗರಗಳಿಗೆ ಕಳಿಸುವ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಡಬ್ಬಿಯೊಂದನ್ನು ಪೈಪಿನ ನಡುವೆ ಕೂರಿಸುತ್ತಿದ್ದರಂತೆ. ನಮ್ಮಂಥ ಊರುಗಳಿಗೆ ಬರುವ ಅದೇ ಕಾರಿಗೆ ಬರೀ ಪೈಪು. ಹೆಸರು ಒಂದೇ, ಬಣ್ಣ ಒಂದೇ. ಹೊಟ್ಟೆಯೊಳಗೆ ಮಾತ್ರ ಬೇರೆ.

ನಾನು ಅಂಥದ್ದೇ ಒಂದು ಹಳೆಯ ಕಾರು ಕೊಂಡದ್ದು ಅಮ್ಮನಿಗಾಗಿ. ಅವಳನ್ನು ಡಯಾಲಿಸಿಸ್‌ಗೆಂದು ವಾರವಾರವೂ ಪುತ್ತೂರಿಗೆ ಕರೆದೊಯ್ಯಬೇಕಿತ್ತು. ಬಸ್ಸಿನ ನೂಕುನುಗ್ಗಲು ಅವಳಿಂದ ಆಗುತ್ತಿರಲಿಲ್ಲ. ಹಾಜಿಯವರಿಗೆ ಆ ದಿನ ಮಂಡಿನೋವು. ಬಗ್ಗದೆ ಒಂದು ಸುತ್ತು ಬಂದು, "ಇದು ಇಲ್ಲಿಯದೇ, ಸಾದಾ ಪೈಪಿನದ್ದು" ಎಂದು ತೀರ್ಪು ಕೊಟ್ಟರು.

ಕೆಲವು ತಿಂಗಳ ಮೇಲೆ ಸೈಲೆನ್ಸರಿನ ಪೈಪು ತುಕ್ಕು ಹಿಡಿದು ಮುರಿಯಿತು. ಗ್ಯಾರೇಜಿನಲ್ಲಿ ಬೇರೆ ಹಾಕಿಸಿದೆ. ಆಮೇಲಿನಿಂದ ಅಮ್ಮ ಹಿಂದಿನ ಸೀಟಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಮಂಪರಿಗೆ ಜಾರತೊಡಗಿದಳು. ಕಾಯಿಲೆಯ ಆಯಾಸ ಎಂದುಕೊಂಡೆ. ನನಗೂ ತಲೆ ಸಿಡಿಯುತ್ತಿತ್ತು, ಬಿಸಿಲಿಗೆ ಇರಬೇಕೆಂದುಕೊಂಡೆ. ಒಂದು ಮಧ್ಯಾಹ್ನ ಮನೆ ಮುಟ್ಟಿದಾಗ ಎಷ್ಟು ಕರೆದರೂ ಅವಳು ಕಣ್ಣು ತೆರೆಯಲಿಲ್ಲ. ನನ್ನ ಕೂಗು ಕೇಳಿ ಹಾಜಿಯವರು ಓಡಿ ಬಂದರು. ಇಬ್ಬರೂ ಹಿಡಿದು ಅವಳನ್ನು ಜಗಲಿಯ ಗಾಳಿಗೆ ಮಲಗಿಸಿದೆವು. ನಿಧಾನವಾಗಿ ಕಣ್ಣು ಬಿಟ್ಟಳು.

"ಹೋಗುವಾಗಲೂ ಹೀಗೆ ನಿದ್ದೆಯಾ, ಬರುವಾಗ ಮಾತ್ರವಾ?" ಹಾಜಿಯವರು ಕೇಳಿದರು.

"ಎರಡೂ ಹೊತ್ತು."

"ಆಸ್ಪತ್ರೆಯಲ್ಲಿ?"

ನಾನು ಯೋಚಿಸಿದೆ. ಆಸ್ಪತ್ರೆಯಲ್ಲಿ ಅಮ್ಮ ಚೆನ್ನಾಗಿಯೇ ಇರುತ್ತಿದ್ದಳು. ನರ್ಸುಗಳ ಮನೆ ಸುದ್ದಿಯೆಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದಳು.

"ಗಾಡಿಯೊಳಗೆ ವಾಸನೆ ಎಂತದು ಮಗಳೇ? ನನಗೆ ಗೊತ್ತಾಗುದಿಲ್ಲ, ನೀನೇ ಹೇಳು."

"ಕೊಳೆತ ಮೊಟ್ಟೆಯ ಹಾಗೆ."

ಅವರ ಮುಖ ಬಿಳಿಚಿತು. "ಆ ವಾಸನೆ ಬರುದು ಡಬ್ಬಿಯಿಂದ. ಹಾಗಾದ್ರೆ ಅದು ಉಂಟು ಇದಕ್ಕೆ. ನಾನು ಹೇಳಿದ್ದು ತಪ್ಪು" ಎನ್ನುತ್ತ ಪೆಟ್ರೋಲ್ ಹಾಕುವ ಮುಚ್ಚಳ ತೆಗೆದರು. ಬಾಯಿ ಕಿರಿದಾಗಿತ್ತು, ಅದು ನಗರದ ಗಾಡಿಯ ಗುರುತು. ಆಮೇಲೆ ನೋವಿನ ಮಂಡಿಯನ್ನೇ ಊರಿ ಮಲಗಿ, ಕಾರಿನಡಿಗೆ ಟಾರ್ಚು ಬಿಟ್ಟರು. ಡಬ್ಬಿಯಿತ್ತು. ಅದರ ಹಿಂದೆ ನಮ್ಮೂರಿನ ಮಾದರಿಯ ಪೈಪನ್ನು ಹೇಗೋ ಒತ್ತಿ ಜೋಡಿಸಿದ್ದರು. ಜೋಡಣೆ ಕೂತಿರಲಿಲ್ಲ. ಹೊಗೆ ನೇರವಾಗಿ ಅಮ್ಮನ ಸೀಟಿನಡಿಯಿಂದ ಒಳಗೆ ಏರುತ್ತಿತ್ತು.

"ವಾಸನೆ ಬಂದದ್ದು ನಿಮ್ಮ ಪುಣ್ಯ. ಹೊಗೆಯಲ್ಲಿ ಕೊಲ್ಲುವ ಗಾಳಿ ಒಂದುಂಟು, ಅದಕ್ಕೆ ವಾಸನೆಯೇ ಇಲ್ಲ," ಎಂದರು.

ಮರುದಿನ ಗ್ಯಾರೇಜಿನವನು ಬಂದು, "ಡಬ್ಬಿಯನ್ನೇ ತೆಗೆದು ಸಾದಾ ಮಾಡಿಬಿಡುವ ಮಾರಾಯ್ರೆ, ಎಂತ ಆಗುದಿಲ್ಲ" ಎಂದ. ಹಾಜಿಯವರು ಬೇಡವೆಂದರು. ಅವನು ಹೋದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಕೆಳದನಿಯಲ್ಲಿ ಹೇಳಿದರು: ಗಲ್ಫಿನಲ್ಲಿ ಅವರ ಕೋಣೆಯಲ್ಲೇ ಇದ್ದ ಗೆಳೆಯನೊಬ್ಬ ಸೆಕೆ ತಾಳಲಾರದೆ, ಶೆಡ್ಡಿನಲ್ಲಿದ್ದ ಕಾರಿನಲ್ಲಿ ಎಸಿ ಹಾಕಿ ಮಲಗಿದ್ದ. ಅಮೆರಿಕದಿಂದ ಬಂದ ಗಾಡಿ. ಮತ್ತೆ ಏಳಲಿಲ್ಲ.

"ಅದಕ್ಕೆ ಗಲ್ಫಿನ ಮಾದರಿಯ ಪೈಪು ಹಾಕಿದ್ದು ನಾನೇ, ಮಗಳೇ. ಗಾಡಿ ಯಾವ ಊರಿಗೆ ಮಾಡಿದ್ದು ಅಂತ ನಾನು ನೋಡಲಿಲ್ಲ."

ಅಮ್ಮ ಒಳಗಿನಿಂದ ಗೋಡೆ ಹಿಡಿದು ಬಂದು, ಅವರ ಕೈಗೆ ಚಹಾದ ಲೋಟ ಕೊಟ್ಟಳು.

ಸರಿಯಾದ ಪೈಪಿಗಾಗಿ ಹಾಜಿಯವರು ಬಸ್ಸು ಹತ್ತಿ ಮಂಗಳೂರಿನ ಗುಜರಿಗಳನ್ನೆಲ್ಲ ಸುತ್ತಿದರು. ಅದು ಸಿಗುವವರೆಗೆ ನನ್ನನ್ನು ಕಾರು ಮುಟ್ಟಲು ಬಿಡಲಿಲ್ಲ. ತಮ್ಮ ಮಗನ ಗಾಡಿಯಲ್ಲಿ ಅಮ್ಮನನ್ನು ಪುತ್ತೂರಿಗೆ ಕಳಿಸುತ್ತಿದ್ದರು. ಪೈಪು ಹಾಕಿಸಿದ ದಿನ ಹಿಂದಿನ ಸೀಟಿನಲ್ಲಿ ತಾವೇ ಕೂತು, ಸುಳ್ಯದವರೆಗೂ ಹೋಗಿಬಂದ ಮೇಲೆಯೇ ಅಮ್ಮನಿಗೆ ಅಲ್ಲಿ ಕೂರಲು ಒಪ್ಪಿಗೆ ಕೊಟ್ಟದ್ದು.

ಅಮ್ಮ ಆಮೇಲೆ ಹಲವು ವರ್ಷ ಬದುಕಿದಳು, ನನ್ನ ಮಗಳ ಮದುವೆಯನ್ನೂ ಕಂಡಳು. ಹೋದದ್ದು ಕಾಯಿಲೆಯಿಂದಲೇ, ತನ್ನ ಹಾಸಿಗೆಯಲ್ಲಿ, ನಮ್ಮೆಲ್ಲರ ಜೊತೆ ಮಾತಾಡಿ.

ಕಳೆದ ವರ್ಷ ಹಾಜಿಯವರೂ ತೀರಿಕೊಂಡರು. ಹೆಂಗಸರು ಕೂತಿದ್ದ ಒಳಕೋಣೆಗೆ ಹೋದೆ. ಕಡಬದಿಂದ ಬಂದಿದ್ದ ಅವರ ನೆಂಟರ ಅಜ್ಜಿಯೊಬ್ಬರು ನಾನು ಅಳುವುದನ್ನು ಕಂಡು, "ನಿಮಗೆ ಅವರು ಎಂತ ಆಗಬೇಕು?" ಎಂದು ಕೇಳಿದರು.

"ಮೊಮ್ಮಗಳ ಮದುವೆ ನೋಡುವವರೆಗೆ ನಮ್ಮ ಅಮ್ಮನನ್ನು ಉಳಿಸಿಕೊಟ್ಟವರು," ಎಂದೆ. ಅಜ್ಜಿ ಮತ್ತೇನೂ ಕೇಳದೆ, ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.