ಗೋಡೆಯಾಚೆಯ ಡ್ರಿಲ್ ಸದ್ದು

ಇವತ್ತು ಶನಿವಾರ. ರೇನರ್ಸ್ ಲೇನಿನ ನನ್ನ ಫ್ಲ್ಯಾಟಿನ ಕಿಟಕಿಗೆ ಬ್ಲೈಂಡ್ ಹಾಕಲು ಬಂದವನು ಪ್ಲಾಸ್ಟಿಕ್ ಪಟ್ಟಿಗೆ ಡ್ರಿಲ್ ಇಟ್ಟ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಕೋಣೆ ತುಂಬಿತು. ದಿನಚರಿಯಲ್ಲಿ ತಾರೀಖು ಬರೆದವಳು ಮುಂದೆ ಬರೆಯಲಾಗದೆ ಕುಳಿತೆ… ಅದು ಪಕ್ಕದ ಮನೆಯ ಕಾಕಾರ ವಾಸನೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ಇದೇ ನಗರದ ಕೆಂಟನ್‌ನಲ್ಲಿದ್ದೆವು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೈಸೂರು ಕಡೆಯ ನನ್ನ ಬಾಯಿಗೆ ಅಂಕಲ್ ಎಂದೇ ಬರುತ್ತಿತ್ತು. ಧಾರವಾಡದ ಅವರು ಕಾಕಾ ಅನ್ನುವವರೆಗೆ ತಿರುಗಿ ನೋಡುತ್ತಿರಲಿಲ್ಲ. ಆಸ್ಪತ್ರೆಯ ಉಪಕರಣಗಳ ರಿಪೇರಿ ಅವರ ಕೆಲಸ. ಸಲೈನ್ ಬಾಟಲಿ ತೂಗುವ ಡ್ರಿಪ್ ಸ್ಟ್ಯಾಂಡಿನ ಚಕ್ರ ಲಿಫ್ಟಿನ ಸಂದಿಯಲ್ಲಿ ಸಿಕ್ಕಿಕೊಳ್ಳದಂತೆ ಒಂದು ಪ್ಲಾಸ್ಟಿಕ್ ತಡೆಯನ್ನು ಯೋಚಿಸಿ, ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕೊರೆದರು, ಮುರಿದರು, ಮತ್ತೆ ಕೊರೆದರು. ಕೊನೆಗೆ ಅಮೆರಿಕದಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರೆ, ಅಲ್ಲಿನ ಕಂಪನಿಯೊಂದು ಕೆಲವೇ ದಿನ ಮೊದಲು ಅಂಥದ್ದಕ್ಕೇ ಅರ್ಜಿ ಹಾಕಿತ್ತು.

ಆಗಿನ ಅಲ್ಲಿನ ಕಾನೂನಿನಲ್ಲಿ ಮೊದಲು ಯೋಚಿಸಿದವರಿಗೂ ಹಕ್ಕಿತ್ತು. ಆದರೆ ಎದುರಿನವರು ಅರ್ಜಿ ಹಾಕುವ ಮುಂಚಿನಿಂದ ತಾವು ಹಾಕುವವರೆಗೆ ಕೆಲಸವನ್ನು ಬದಿಗಿಟ್ಟಿರಲಿಲ್ಲವೆಂದು ತೋರಿಸಬೇಕು. ಸ್ವಂತ ಮಾತು ಸಾಲದು, ಬೇರೊಬ್ಬರು ಹೇಳಬೇಕು. ಕಾಕಾರ ಪಾಲಿಗೆ ಆ ದಿನಗಳು ಅವರ ತಾಯಿಯ ಸೂತಕದ ದಿನಗಳಾಗಿದ್ದವು.

ತಾಯಿ ಧಾರವಾಡದಲ್ಲಿ ತೀರಿಕೊಂಡಾಗ ಕಾಕಾರ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಅವರ ಹೆಂಡತಿ ಕಾಕು ಒಬ್ಬರೇ ಊರಿಗೆ ಹೋದರು. ಅಲ್ಲಿ ಕ್ರಿಯೆಗೆ ಕೂತಿದ್ದ ಕಾಕಾರ ಅಣ್ಣ ಫೋನಿನಲ್ಲಿ, ನೌಕರಿ ಬಿಡಲಾಗದು ಸರಿ, ಮನೆಯಲ್ಲಿ ಒಪ್ಪೊತ್ತು ಉಂಡು ಚಾಪೆಯ ಮೇಲೆ ಮಲಗು, ಆ ಡ್ರಿಲ್ ಮಾತ್ರ ಮುಟ್ಟಬೇಡ ಎಂದಿದ್ದರಂತೆ. ಕಾಕಾ ಹೂಂ ಅಂದಿದ್ದರು. ಸಂಜೆಯಾದರೆ ಗೋಡೆಯಾಚೆ ಡ್ರಿಲ್ ಕೇಳುತ್ತಿತ್ತು…

ಸೂತಕಕ್ಕಾಗಿ ಕೆಲಸ ನಿಲ್ಲಿಸಿದ್ದೆ ಎಂಬ ಕಾರಣ ನಿಲ್ಲದು, ಆಸ್ಪತ್ರೆಗೆ ದಿನವೂ ಹೋಗಿದ್ದೀರಿ, ಮನೆಯಲ್ಲಿ ಕೆಲಸ ಮಾಡಿದ್ದನ್ನು ಹೇಳುವವರು ಬೇಕು ಎಂದರು ವಕೀಲರು. ಕಾಕಾ ಇದನ್ನು ನಮ್ಮ ಅಡುಗೆಮನೆಯಲ್ಲಿ ಕುಳಿತು ಹೇಳುತ್ತಿದ್ದಾಗ ಅಮ್ಮ ಒಲೆ ಆರಿಸಿ ತಿರುಗಿದರು.

"ಡ್ರಿಲ್ ಸದ್ದು ನಾನೇ ಕೇಳಿದೀನಲ್ಲ, ಬರೆದು ಕೊಡ್ತೀನಿ. ಇರೋದನ್ನ ತಾನೆ ಹೇಳೋದು?"

ಕಾಕಾ ಚಹಾದ ಲೋಟ ಕೆಳಗಿಟ್ಟರು.

"ಬ್ಯಾಡ್ರಿ ಅಕ್ಕಾರ. ಸುಮ್ಮ ಕೂತ್ರ ತಲಿ ಕೆಡತಿತ್ತು, ಅದಕ್ಕ ಮಾಡಿದೆ. ಆದ್ರ ಅವ್ವ ಹೋದ ಮೂರನೇ ದಿನಕ್ಕ ಮಗ ಡ್ರಿಲ್ ಹಿಡಕೊಂಡ ಅಂತ ಕಾಗದದಾಗ ಬರೋದು ಬ್ಯಾಡ. ನಮ್ಮಾಕಿಗೆ ಗೊತ್ತಾದ್ರ ಧಾರವಾಡಕ್ಕ ಗೊತ್ತಾದಂಗ."

ಹಕ್ಕು ಕಂಪನಿಗೆ ಹೋಯಿತು. ಆಮೇಲೆ ಗೋಡೆಯಾಚೆ ಡ್ರಿಲ್ ಕೇಳಲಿಲ್ಲ. ನಾನು ದಿನವೂ ತಾರೀಖು ಹಾಕಿ ಬರೆದಿಡಲು ಶುರುಮಾಡಿದ್ದು ಆ ವರ್ಷವೇ.

ಕಾಕಾ ತೀರಿಕೊಂಡಾಗ ಕಾಕು ಬಂದವರಿಗೆಲ್ಲ ಹೇಳಿದರು: ಅತ್ತೆಯ ಸೂತಕದಲ್ಲಿ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ, ಅದಕ್ಕೇ ಪೇಟೆಂಟ್ ಕಳೆದುಕೊಂಡರು, ಎಂಥ ಮಗ… ಆಮೇಲೆ ಅಮ್ಮನ ಕಡೆ ತಿರುಗಿ, "ನಿಮಗ ಗೊತ್ತದಲ್ರಿ, ಗೋಡಿ ಒಂದೇ ಇತ್ತು" ಅಂದರು.

"ಹೌದು, ಒಂದು ಸದ್ದೂ ಇರಲಿಲ್ಲ" ಅಂದರು ಅಮ್ಮ.

ಕಳೆದ ತಿಂಗಳು ಕಾಕುವೂ ಹೋದರು. ಇನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ. ಬ್ಲೈಂಡಿನವನು ಹೋಗಿ ಹೊತ್ತಾಯಿತು. ನಾನು ಕಿಟಕಿ ತೆರೆದಿಲ್ಲ. ತಾರೀಖಿನ ಕೆಳಗೆ ಇಷ್ಟು ಬರೆದೆ: ಕಾಕಾ ಕೆಲಸ ಬಿಟ್ಟಿರಲಿಲ್ಲ. ನಾನೂ ಕೇಳಿದ್ದೆ.