ಯಾರೂ ಹೆರದ ಬಾಣಂತನ

ಜಯನಗರ ಏಳನೇ ಬ್ಲಾಕಿನ ಜಯಾ ಒಂದು ವರ್ಷ ವಿಯೆಟ್ನಾಮಿನಲ್ಲಿ ಇಂಗ್ಲಿಷ್ ಕಲಿಸಿ ಮನೆಗೆ ಬಂದ ಮರುದಿನವೇ ಎದುರುಮನೆಯ ನಾಗಲಕ್ಷ್ಮಮ್ಮ ಬಂದು, ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸಿದರು. ಕೈಯಲ್ಲಿ ತಾವೇ ಹೆಣೆದ ಉಣ್ಣೆಯ ಪುಟ್ಟ ಟೋಪಿ.

ಯಾವ ಬಾಣಂತಿ ಎಂದು ಜಯಾ ಕೇಳುವಷ್ಟರಲ್ಲಿ ಅವಳ ಗಂಡ ಅನಂತರಾಮು ಜೋರಾಗಿ ಕೆಮ್ಮಿದ. ಅವರು ಹೋದ ಮೇಲೆ ಕೆಮ್ಮಿನ ಕಾರಣ ತುಂಡುತುಂಡಾಗಿ ಹೊರಬಂತು.

ಬನಶಂಕರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಯಾ ಸ್ವಯಂನಿವೃತ್ತಿ ತೆಗೆದುಕೊಂಡು ಹನೋಯ್‌ಗೆ ಹೊರಟಾಗ ಬೀದಿಯವರು ಕಂಡದ್ದು ಇಷ್ಟು: ಐವತ್ತು ದಾಟಿದ ಹೆಂಗಸು, ದೊಡ್ಡ ಸೂಟ್‌ಕೇಸು, ಅದರೊಳಗೆ ಹುಳಿಪುಡಿ, ಮೆಂತ್ಯದಹಿಟ್ಟು. ಮಗಳು ಸಮನ್ವಿತಾ ಮದುವೆಯಾಗಿ ಸಿಡ್ನಿಯಲ್ಲಿದ್ದಾಳೆ. ಆ ಬೀದಿಯಿಂದ ಆ ವಯಸ್ಸಿನ ಹೆಂಗಸರು ವಿಮಾನ ಹತ್ತುವುದು ಒಂದೇ ಕೆಲಸಕ್ಕೆ. ಅನಂತರಾಮು ಸುಳ್ಳು ಹೇಳಿರಲಿಲ್ಲ. ಯಾರಾದರೂ ಬಾಣಂತನಕ್ಕಾ ಎಂದು ಕೇಳಿದಾಗ ‘ಹೂಂ, ಹೋಗಿದಾಳೆ’ ಎಂದು ಮಾವಿನಮರ ನೋಡಿದ್ದ, ಅಷ್ಟೆ.

ಅಂದಿನಿಂದ ಮನೆಗೆ ಡಬ್ಬಿಗಳು ಬರತೊಡಗಿದವು. ಹುಳಿ, ಗೊಜ್ಜು, ಏಕಾದಶಿಗೆ ಅವಲಕ್ಕಿ. ಹೆಂಡತಿಯನ್ನು ಬಾಣಂತನಕ್ಕೆ ಕಳಿಸಿದ ಗಂಡ ಎಂದರೆ ತ್ಯಾಗಿ. ಊರು ಸುತ್ತಲು ಬಿಟ್ಟವನಿಗೆ ಯಾರು ಹುಳಿ ಕೊಡುತ್ತಾರೆ? ಆ ತ್ಯಾಗಿ ವರ್ಷವಿಡೀ ಒಲೆ ಹಚ್ಚಿದ್ದು ಹಾಲು ಕಾಯಿಸಲು ಮಾತ್ರ. ಪ್ಯಾಂಟುಗಳೆಲ್ಲ ಬಿಗಿಯಾಗಿದ್ದವು.

ಈಗ ಹನೋಯ್ ಶಾಲೆಯವರು ಇನ್ನೊಂದು ವರ್ಷಕ್ಕೆ ಕರೆದಿದ್ದರು. ವಾರವೆಲ್ಲ ಹೋಟೆಲ್ ಕೆಲಸಗಾರರಿಗೆ ಪಾಠ, ಭಾನುವಾರ ಸಿಕ್ಕ ಬಸ್ಸು ಹತ್ತಿ ಹೋಗುವುದು. ಉತ್ತರದ ಬೆಟ್ಟಗಳನ್ನು ಅವಳಿನ್ನೂ ನೋಡಿರಲಿಲ್ಲ. ಅನಂತರಾಮು ಬೇಡ ಎನ್ನಲಿಲ್ಲ. ಅವನದು ಒಂದೇ ಕೋರಿಕೆ.

“ಇನ್ನೊಂದು ಬಾಣಂತನ ಅಂದ್ಕೊಳ್ಳಲಿ ಬಿಡೇ. ನಿಂಗೇನು ನಷ್ಟ?”

“ವರ್ಷಕ್ಕೊಂದಾ? ಸಮನ್ವಿತಾಗೆ ಗೊತ್ತಾದ್ರೆ ನಿಮ್ಮನ್ನೇ ಕರೆಸ್ಕೋತಾಳೆ ನೋಡ್ರಿ, ಎಣ್ಣೆ ಹಚ್ಚಿ ನೀರು ಹಾಕೋಕೆ.”

ನಕ್ಕಳಾದರೂ ಒಳಗೆ ಚುಚ್ಚಿತು. ಈವರೆಗೆ ಅವಳು ಹೋದದ್ದೆಲ್ಲ ಯಾರದೋ ಮದುವೆಗೆ, ಯಾರದೋ ಆಪರೇಷನ್ನಿಗೆ, ಯಾರದೋ ತಿಥಿಯ ಅಡುಗೆಗೆ. ತನಗಾಗಿ ಹೋಗಿದ್ದು ಈ ಒಂದು ಸಲ. ಅದನ್ನೂ ಮಗಳ ಸೇವೆಗೆ ಸೇರಿಸಿಬಿಟ್ಟರೆ ತನ್ನದೆಂದು ಉಳಿಯುವುದೇನು?

ಮರುದಿನ ಟೋಪಿ ಹಿಡಿದು ಎದುರುಮನೆಗೆ ಹೋದಳು. ನಾಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಬಾಣಂತಿಯೂ ಇಲ್ಲ, ಮಗುವೂ ಇಲ್ಲ, ತಾನು ಹೋದದ್ದು ಪಾಠ ಮಾಡಲು, ಊರು ನೋಡಲು ಎಂದು ಎಲ್ಲ ಹೇಳಿದಳು.

“ಹಾಗಾದ್ರೆ ನಾನು ಕಳಿಸ್ತಿದ್ದ ಹುಳಿ?”

“ಇವರು ತಿಂದ್ರು. ಚೆನ್ನಾಗಿರ್ತಿತ್ತಂತೆ.”

ಜಯಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ನಿನ್ ಬಿನ್ ಎಂಬಲ್ಲಿ ಹೆಂಗಸರು ಕಾಲಿನಿಂದಲೇ ದೋಣಿಯ ಹುಟ್ಟು ಹಾಕುತ್ತಾರೆ. ಕೈಗೆ ಬಿಡುವಲ್ಲವೇ ಎಂದುಕೊಂಡರೆ, ಆ ಕೈಯಲ್ಲಿ ಕಸೂತಿ ಹಿಡಿದಿರುತ್ತಾರೆ, ಪ್ರವಾಸಿಗಳಿಗೆ ಮಾರಲು.

“ಅಲ್ಲೂ ಹೀಗೇನಾ,” ಎಂದು ನಾಗಲಕ್ಷ್ಮಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು. ಆಮೇಲೆ ಒಳಗಿದ್ದ ತಮ್ಮ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದರು. “ಅಲ್ಲ ಜಯಾ, ಒಬ್ಬಳಿಗೇ ಅಡುಗೆ ಮಾಡ್ಕೊಳ್ಳೋದು ಹೇಗಿರುತ್ತೆ?”

“ಮೊದಮೊದಲು ಜಾಸ್ತಿ ಮಾಡಿಬಿಡ್ತಿದ್ದೆ. ಆಮೇಲೆ ಬೇಡ ಅನ್ನಿಸಿದ ದಿನ ಮಾಡ್ತಾನೇ ಇರಲಿಲ್ಲ.”

“ಬೇಡ ಅನ್ನಿಸಿದ ದಿನ,” ಎಂದರು ನಾಗಲಕ್ಷ್ಮಮ್ಮ, ಯಾವುದೋ ದೂರದ ಊರಿನ ಹೆಸರು ಹೇಳುವವರಂತೆ. ಇನ್ನೂ ಫೋಟೋ ಇದೆಯಾ ಎಂದು ಕೇಳಿದರು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ಜಯಾ ಅಂದು ಅಡುಗೆಮನೆಗೆ ಹೋಗಲಿಲ್ಲ. ಅನಂತರಾಮು ಗೇಟಿನವರೆಗೆ ಹೋಗಿ ನೋಡಿ ಬಂದ. ಡಬ್ಬಿ ಬರಲಿಲ್ಲ. ಇನ್ನೊಮ್ಮೆ ಹೋಗಿ ಬಂದ. ಕೊನೆಗೆ ಅಡುಗೆಮನೆಯಲ್ಲಿ ಕುಕ್ಕರು ಸದ್ದು ಮಾಡಿತು.

“ಜಯಾ, ಬೇಳೆಗೆ ಎಷ್ಟು ಸಲ ಕೂಗಿಸ್ಬೇಕೇ?”

ಜಯಾ ಲ್ಯಾಪ್‌ಟಾಪಿನಲ್ಲಿ ಶಾಲೆಗೆ ‘ಬರುತ್ತೇನೆ’ ಎಂದು ಬರೆಯುತ್ತಿದ್ದಳು.

“ಬೇಯೋವರೆಗೂ,” ಎಂದಳು, ತಲೆಯೆತ್ತದೆ.