ಲಿಥಿಯಂ ಬ್ಯಾಟರಿಯೇ ಬೇಕು ಎಂದಿದ್ದಕ್ಕೆ

ಗೆಳತಿಯರೇ, ಇವತ್ತು ರೋಣಕ್ಕೆ ಸೋಲಾರ್ ಬ್ಯಾಟರಿ ಕೊಳ್ಳಲು ಹೋಗಿ ಅಂಗಡಿಯವರ ಜೊತೆ ಜಗಳವಾಡಿ ಬಂದೆ.

ಮೆಣಸಗಿಯ ನಮ್ಮ ಮನೆಗೆ ಹೊಳೆ ನುಗ್ಗಿದಾಗ ನೆಲದ ಮೇಲಿದ್ದ ಹಳೆಯ ಬ್ಯಾಟರಿ ಮುಳುಗಿ, ದೀಪವೆಲ್ಲ ಆರಿಹೋಗಿತ್ತು. ಕತ್ತಲಲ್ಲಿ ಮಾಳಿಗೆ ಹತ್ತುತ್ತಿದ್ದ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅದಕ್ಕೇ ಈ ಸಲ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಬಹುದಾದ ಹಗುರ ಲಿಥಿಯಂ ಬ್ಯಾಟರಿಯೇ ಬೇಕೆಂದೆ.

ಅಂಗಡಿಯವರು ನನ್ನ ಜೊತೆ ಬಂದಿದ್ದ ಗಂಡನ ಕಡೆ ತಿರುಗಿದರು. "ಸಾಹೇಬ್ರ, ನೀರ ಹಾಕೂ ದೊಡ್ಡ ಬ್ಯಾಟರಿ ಒಯ್ರಿ. ಎಲ್ಲಾರೂ ಅದನ್ನ ಒಯ್ತಾರ. ಹೆಣ್ಮಕ್ಕಳಿಗೆ ಇದೆಲ್ಲಾ ಏನ್ ತಿಳೀತೈತಿ?"

"ನನ್ ಜೋಡಿ ಮಾತಾಡ್ರಿ," ಎಂದೆ. "ಹೊಳಿ ಮನ್ಯಾಗ ಬಂದ್ರ ಅಷ್ಟ ಭಾರ ಯಾರ ಎತ್ತಬೇಕ್ರಿ?"

"ಹೋಗ್ಲಿ ಬಿಡ, ಅವರು ಹೇಳಿದ್ದ ತಗೊಳ್ಳೂಣು," ಎಂದು ಗಂಡ ಮೆಲ್ಲಗೆ ಹೇಳಿದರು.

"ನಿಮ್ಮ ಅಮ್ಮನ ಕಾಲ ಮುರದದ್ದು ಮರತ್ರಿ ಏನು?" ಎಂದು ಕೇಳಿದೆ.

ಅಂಗಡಿಯವರು ಹೆದರಿಸಲು ನೋಡಿದರು. "ಬ್ಯಾಟರಿಗೆ ಕರೆಂಟ್ ಹದಾ ಮಾಡಿ ಬಿಡೂ ನಿಮ್ಮ ಹಳೇ ಚಾರ್ಜ್ ಕಂಟ್ರೋಲರ್ ಇದಕ್ಕ ನಡ್ಯಂಗಿಲ್ಲ ನೋಡ್ರಿ."

"ಗೊತ್ತೈತ್ರಿ. ಇದಕ್ಕ ಹೊಂದೂದ ಒಂದು ಕೊಡ್ರಿ."

ಕೊನೆಗೆ ಲಿಥಿಯಂ ಬ್ಯಾಟರಿ, ಕಂಟ್ರೋಲರ್ ಎರಡನ್ನೂ ತೆಗೆದು ಮುಂದಿಟ್ಟರು. ವಾರಂಟಿ ಕಾರ್ಡು ಬರೆಯುವಾಗ ಮತ್ತೆ ಗಂಡನನ್ನೇ ಕೇಳಿದರು, "ಸಾಹೇಬ್ರ, ನಿಮ್ಮ ಹೆಸರು?"

"ಜುಬೇದಾ ಅಂತ ಬರೀರಿ," ಎಂದೆ ನಾನು.

ಬರೆದುಕೊಟ್ಟರು, 'ಶ್ರೀ ಜುಬೇದಾ' ಎಂದು. ಅದನ್ನು 'ಶ್ರೀಮತಿ' ಎಂದು ತಿದ್ದಿಸಿಕೊಂಡೇ ಅಂಗಡಿಯ ಮೆಟ್ಟಿಲು ಇಳಿದೆ.